ಗುಡ್ಡದ ಮೇಲಣ ಪಾಠಶಾಲೆ

2020ರ ಮಳೆಗಾಲ. ಕೊರೋನಾ ಕಾರಣದಿಂದ ಕಾಲೇಜುಗಳಿಗೆ ಬೀಗ ಬಿದ್ದಿತ್ತು. ಜೋಯಿಡಾ ಸೀಮೆಯ ಹಳ್ಳಿಯೊಂದರಲ್ಲಿ ಹುಡುಗಿಯೊಬ್ಬಳು ಕೊಡೆ ಹಿಡಿದು ದಿನವೂ ಗುಡ್ಡ ಹತ್ತುತ್ತಿದ್ದಳು. ಪಾಠ ಬರುತ್ತಿದ್ದುದು ಮೊಬೈಲಿನಲ್ಲಿ. ಮೊಬೈಲಿಗೆ ಜೀವ ಬರುತ್ತಿದ್ದುದು ಗುಡ್ಡದ ನೆತ್ತಿಯಲ್ಲಿ.

“ನಾವು ದೇವರ ದರ್ಶನಕ್ಕೆ ಗುಡ್ಡ ಹತ್ತುತ್ತಿದ್ದೆವು” ಎಂದು ಅಜ್ಜ ನಕ್ಕರು.

“ನಾನು ಮಾಸ್ತರರ ದರ್ಶನಕ್ಕೆ, ಅಜ್ಜಾ.”

ದೂರದ ಈ ಸಂಕಟವನ್ನು ಬಲ್ಲವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್. ಮರುಭೂಮಿಯ ಒಂಟಿ ನೆಲೆಯಲ್ಲಿ ಬೆಳೆದ ಅವರಿಗೆ ಬಾಲ್ಯದ ಪಾಠ ರೇಡಿಯೋ ಮೂಲಕ ಬರುತ್ತಿತ್ತು. ಆ ಬಾಲಕನೇ ದೊಡ್ಡವನಾಗಿ 2002ರಲ್ಲಿ ‘ಮೂಡಲ್’ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಹೊರತಂದನು. ಟಿಪ್ಪಣಿ, ಪರೀಕ್ಷೆ, ಅಂಕಪಟ್ಟಿ ಎಂದು ಶಾಲೆಯ ಕಪಾಟೆಲ್ಲ ಅದರೊಳಗಿದೆ. ಆದರೆ ಕಪಾಟೊಂದೇ ಶಾಲೆಯಾದೀತೇ? ಮರುವರ್ಷ ಅಮೆರಿಕದಲ್ಲಿ ‘ಸೆಕೆಂಡ್ ಲೈಫ್’ ಎಂಬ ಮಾಯಾಲೋಕ ತೆರೆಯಿತು. ಅಲ್ಲಿ ಜನರು ಚಿತ್ರರೂಪ ತಾಳಿ ನಡೆದಾಡುವರು, ಮಾತಾಡುವರು, ಮನೆ ಕಟ್ಟುವರು. ಅಲ್ಲಿ ಅಂಗಳವಿತ್ತು, ಕಪಾಟಿರಲಿಲ್ಲ.

ಜೆರೆಮಿ ಕೆಂಪ್, ಡೇನಿಯಲ್ ಲಿವಿಂಗ್‌ಸ್ಟನ್ ಎಂಬಿಬ್ಬರು 2006ರ ಸುಮಾರಿಗೆ ಇವೆರಡಕ್ಕೂ ಗಂಟು ಹಾಕಿ ‘ಸ್ಲೂಡಲ್’ ಎಂದು ಹೆಸರಿಟ್ಟರು. ಮಾಯಾಲೋಕದಲ್ಲಿ ಆಡಿದ ಮಾತು ಮೂಡಲ್‌ನ ಕಡತ ಸೇರಿತು. ಅಲ್ಲೊಂದು ಕುರ್ಚಿಯೂ ಇತ್ತು. ಕುಳಿತವರಿಗೆ ಪ್ರಶ್ನೆ ಕೇಳುವುದು, ಉತ್ತರ ಸರಿಯಾದರೆ ಮೇಲೇರುವುದು! ವಿಕ್ರಮಾದಿತ್ಯನ ಸಿಂಹಾಸನದ ಗೊಂಬೆಗಳನ್ನು ಬಲ್ಲ ಕನ್ನಡಿಗರಿಗೆ ಇದೇನು ಬೆರಗು?

ಹುಡುಗಿ ಈ ಕಥೆಯನ್ನು ಹೇಳಿದಾಗ ಅಜ್ಜ ನಗಲಿಲ್ಲ. ಅವರು ಸೂಪಾದವರು. ಒಂದು ಕಾಲಕ್ಕೆ ತಾಲೂಕಿಗೇ ಹೆಸರು ಕೊಟ್ಟಿದ್ದ ಆ ಊರು, ಕಾಳಿ ನದಿಗೆ ಕಟ್ಟಿದ 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

“ಆ ಲೋಕದಲ್ಲಿ ನಮ್ಮ ಸೂಪಾ ಕಟ್ಟಬಹುದೇನೇ?”

“ಕಟ್ಟಬಹುದು ಅಜ್ಜಾ. ಮಕ್ಕಳು ಅದರ ಬೀದಿಯಲ್ಲಿ ನಡೆದು ಇತಿಹಾಸ ಕಲಿಯಬಹುದು. ಆದರೆ ಎಲ್ಲಿ ಏನಿತ್ತೆಂದು ಹೇಳುವವರು ಬೇಕು.”

ಮಾಯಾಲೋಕವನ್ನು ತೆರೆಯಬಲ್ಲ ಗಣಕ ಆ ಮನೆಯಲ್ಲಿರಲಿಲ್ಲ. ಅದನ್ನು ಹೊತ್ತು ತರುವಷ್ಟು ಜಾಲಶಕ್ತಿ ಗುಡ್ಡದ ನೆತ್ತಿಯಲ್ಲೂ ಇರಲಿಲ್ಲ. ಯಂತ್ರ ಇಂದಲ್ಲ ನಾಳೆ ಬಂದೀತು. ಎಂಬತ್ತು ದಾಟಿದ ಅಜ್ಜನ ನೆನಪು ನಾಳೆಯವರೆಗೆ ಕಾದೀತೇ?

ಮರುದಿನ ಹುಡುಗಿ ಗುಡ್ಡ ಹತ್ತಲಿಲ್ಲ. ನೋಟುಪುಸ್ತಕ ಬಿಚ್ಚಿ ಅಜ್ಜನೆದುರು ಕುಳಿತಳು. ಅವರು ಹೇಳುತ್ತ ಹೋದರು. ಅವಳು ಒಂದೊಂದೇ ಮನೆ, ಒಂದೊಂದೇ ಓಣಿ ಗುರುತಿಸುತ್ತ ಹೋದಳು.

ಕಾಲೇಜಿನ ಹಾಜರಿಯಲ್ಲಿ ಆ ದಿನ ಅವಳ ಹೆಸರಿನ ಮುಂದೆ ಬಿದ್ದದ್ದು ಗೈರುಹಾಜರಿ.