ಕಡಲೆಕಾಯಿ ಕುಣಿಯುವ ಹೊತ್ತು

ಶನಿವಾರ ಸಂಜೆ ಏಳು ದಾಟಿದರೆ ಮೈಸೂರಿನ ನಮ್ಮ ಭಾವನ ಮನೆಯ ತಾರಸಿಗೆ ಮಡಚುವ ಮೇಜೊಂದು ಏರುತ್ತದೆ. ಅದರ ಮೇಲೆ ಬಾಟಲಿಗಿಂತ ಮೊದಲು ಬಂದು ಕೂರುವುದು ಹಳೆಯದೊಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಪ್ಲಾಸ್ಟಿಕ್ಕಿನ ಒಂದೆರಡು ಇಸ್ಪೀಟೆಲೆ, ಬಾಯಿಗೆ ಬಾಯಿ ಸರಿಯಾಗಿ ಕೂರುವ ಎರಡು ಪುಟ್ಟ ಗ್ಲಾಸು, ಅಂಗಡಿಯಲ್ಲಿ ಖೋಟಾನೋಟು ನೋಡಲು ಇಟ್ಟುಕೊಳ್ಳುವ ಟಾರ್ಚು, ಚಹಾ ಜಾಲರಿ, ಅಡಿಕೆ ಕುಟ್ಟುವ ಹಿತ್ತಾಳೆ ಕುಟ್ಟಾಣಿ. ಭಾವನದು ಹಾರ್ಡ್‌ವೇರ್ ವ್ಯಾಪಾರ. ಕೈಗೆ ಏನಾದರೂ ಕೆಲಸ ಇಲ್ಲದಿದ್ದರೆ ಅವರಿಗೆ ಕೂರಲಾಗುವುದಿಲ್ಲ. ವಾರಕ್ಕೆ ಒಂದು ಸಂಜೆ, ಎರಡು ಸ್ಮಾಲ್, ಅಂದರೆ 60 ಎಂ.ಎಲ್.; ಅಷ್ಟೇ ಅವರ ಲೆಕ್ಕ. ನನ್ನದೂ ಅದೇ. "ಸುಮ್ನೆ ಕೂತ್ರೆ ಗ್ಲಾಸು ಬೇಗ ಖಾಲಿ ಆಗುತ್ತೆ ಕಣಯ್ಯ" ಎನ್ನುತ್ತಾ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾರೆ.

ಮೊದಲ ಆಟ ಯಾವಾಗಲೂ ವಿಸ್ಕಿ ಮತ್ತು ನೀರಿನದು. ಒಂದು ಪುಟ್ಟ ಗ್ಲಾಸಿಗೆ ವಿಸ್ಕಿ, ಇನ್ನೊಂದಕ್ಕೆ ನೀರು, ಎರಡನ್ನೂ ಅಂಚಿನವರೆಗೆ ತುಂಬಬೇಕು. ನೀರಿನ ಗ್ಲಾಸಿನ ಬಾಯಿಗೆ ಇಸ್ಪೀಟೆಲೆ ಮುಚ್ಚಿ, ಬೆರಳಿನಿಂದ ಅದುಮಿ ಹಿಡಿದು, ತಲೆಕೆಳಗು ಮಾಡಿ ವಿಸ್ಕಿ ಗ್ಲಾಸಿನ ಮೇಲೆ ಕೂರಿಸಬೇಕು. ಆಮೇಲೆ ಎಲೆಯನ್ನು ನಿಧಾನವಾಗಿ ಪಕ್ಕಕ್ಕೆ ಎಳೆಯಬೇಕು. ಪೂರ್ತಿ ಅಲ್ಲ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೆ ಸಾಕು. ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಆ ಸಂದಿಯಿಂದ ಜೇನುಬಣ್ಣದ ಒಂದು ದಾರ ಮೇಲಕ್ಕೆ ಏಳುತ್ತದೆ. ಊದುಬತ್ತಿಯ ಹೊಗೆ ಹೇಗೆ ಮೊದಲು ನೆಟ್ಟಗೆ ಹೋಗಿ ಆಮೇಲೆ ಸುರುಳಿ ಬಿಚ್ಚುತ್ತದೋ ಹಾಗೆ. ಹತ್ತು ನಿಮಿಷ ಕಾದರೆ ಮೇಲಿನ ಗ್ಲಾಸಿನಲ್ಲಿ ವಿಸ್ಕಿ, ಕೆಳಗಿನದರಲ್ಲಿ ನೀರು. ಯಾರೂ ಗ್ಲಾಸು ಎತ್ತಿಲ್ಲ, ಸುರಿದಿಲ್ಲ. ಅಲ್ಪಸ್ವಲ್ಪ ಬೆರೆತಿರುತ್ತದೆ, ನಿಜ. ಆದರೆ ಕಣ್ಣಿಗೆ ಕಾಣುವುದು ಪೂರ್ತಿ ಅದಲುಬದಲು.

ಇದರ ಗುಟ್ಟೆಲ್ಲ ತೂಕದಲ್ಲಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಶುದ್ಧ ಆಲ್ಕೊಹಾಲ್ ತೂಗುವುದು 790 ಗ್ರಾಂ ಮಾತ್ರ. ನಮ್ಮ ದೇಶದ ವಿಸ್ಕಿ ಬಾಟಲಿಗಳ ಮೇಲೆ 42.8 ಶೇಕಡಾ ಎಂದು ಬರೆದಿರುತ್ತದಲ್ಲ, ಅದರ ಒಂದು ಲೀಟರು 945 ಗ್ರಾಂ ಆಸುಪಾಸು ತೂಗುತ್ತದೆ. ಹಗುರವಾದದ್ದು ಮೇಲೇರಲು, ಭಾರವಾದದ್ದು ಕೆಳಗಿಳಿಯಲು ಒಂದು ಸಂದಿ ಬೇಕಿತ್ತು, ನಾವು ಕೊಟ್ಟೆವು. ಈ 42.8 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನಾನು ಬಹಳ ದಿನ ಯೋಚಿಸಿದ್ದುಂಟು. ಅದು ಬ್ರಿಟಿಷರ ಕಾಲದ ಬಳುವಳಿ. ಮದ್ಯದಲ್ಲಿ ನೆನೆದ ಕೋವಿಮದ್ದು ಬೆಂಕಿ ತಗುಲಿಸಿದಾಗ ಹೊತ್ತಿಕೊಂಡರೆ ಆ ಮದ್ಯ ಗಟ್ಟಿ, ಹೊತ್ತಿಕೊಳ್ಳದಿದ್ದರೆ ನೀರು ಬೆರೆಸಿದ್ದು ಎಂಬ ಹಳೆಯ ಪರೀಕ್ಷೆಯಿಂದ ಅವರ 'ಪ್ರೂಫ್' ಲೆಕ್ಕ ಹುಟ್ಟಿತು. ಆ ಲೆಕ್ಕದಲ್ಲಿ ನೂರು ಎಂದರೆ ಸುಮಾರು 57 ಶೇಕಡಾ ಆಲ್ಕೊಹಾಲ್. ಅದರ ಮುಕ್ಕಾಲು ಭಾಗವೇ ನಮ್ಮ 42.8. ಬಾಟಲಿಯ ಚೀಟಿಯ ಮೂಲೆಯಲ್ಲಿ '25 ಯು.ಪಿ.' ಎಂದು ಸಣ್ಣಕ್ಷರದಲ್ಲಿ ಇರುವುದೂ ಅದೇ: ಪ್ರೂಫಿಗಿಂತ ಇಪ್ಪತ್ತೈದು ಕಡಿಮೆ. ಇಸ್ಪೀಟೆಲೆಯ ಸಂದಿಯಿಂದ ದಾರ ಮೇಲೇಳುತ್ತಿರುವಾಗ ಈ ಕಥೆ ಹೇಳಿ ಮುಗಿಸಲು ಸಮಯ ಸರಿಹೋಗುತ್ತದೆ. ಅಷ್ಟೂ ಹೊತ್ತು ನಮ್ಮ ಗ್ಲಾಸುಗಳು ಮೇಜಿನ ಮೇಲೆಯೇ ಇರುತ್ತವೆ.

ನನಗೆ ಈ ಆಟಗಳ ಮೇಲೆ ಇಷ್ಟು ಪ್ರೀತಿ ಬರಲು ಅದೇ ಕಾರಣ. ನಾನು ಬೆಳೆದ ಊರಿನಲ್ಲಿ ಕುಡಿಯುವುದೆಂದರೆ ಅಂಗಡಿಯ ಕಟ್ಟೆಗೆ ಒರಗಿ ನಿಂತು, ನೈಂಟಿಯ ಪೊಟ್ಟಣ ಹರಿದು, ನೀರು ಬೆರೆಸಿ, ಮುಖ ಕಿವುಚಿ ಒಂದೇ ಗುಟುಕಿಗೆ ಇಳಿಸುವುದು. ಯಾರೂ ಅದನ್ನು ನೋಡುತ್ತಿರಲಿಲ್ಲ, ಮೂಸುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಹಾಗೆ ಕುಡಿದೇ ನಲವತ್ತೆಂಟಕ್ಕೆ ಹೋದರು. ಮನೆಯಲ್ಲಿ ಕುಡಿಯುವವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಕ್ಕಳನ್ನು ಆಚೆ ಕಳಿಸುತ್ತಿದ್ದರು. ಹೆಂಗಸರು ಅಡುಗೆಮನೆಯಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆ ಮುಚ್ಚಿದ ಬಾಗಿಲಿನ ಭಯ ನನ್ನೊಳಗೆ ಇಂದಿಗೂ ಇದೆ. ಭಾವನ ತಾರಸಿಗೆ ಬಾಗಿಲೇ ಇಲ್ಲ.

ಅವರ ಕೈಕೆಲಸಗಳೂ ಚೆಂದ. ಮೆಟ್ಟಿಲ ಗೋಡೆಗೆ ಹಲಸಿನ ಮರದ ಒಂದು ಗೇಣುದ್ದದ ಹಲಗೆ ಬಡಿದಿದ್ದಾರೆ. ಅದಕ್ಕೆ ಎರಡು ದಪ್ಪ ಸ್ಕ್ರೂ. ಒಂದು ಬಾಟಲಿಯ ಮುಚ್ಚಳದ ನೆತ್ತಿಗೆ ಒತ್ತುತ್ತದೆ, ಇನ್ನೊಂದರ ತಲೆ ಮುಚ್ಚಳದ ಅಂಚನ್ನು ಕೆಳಗಿನಿಂದ ಹಿಡಿಯುತ್ತದೆ. ಬಾಟಲಿಯನ್ನು ಮೆಲ್ಲಗೆ ಎತ್ತಿದರೆ 'ಚಟ್' ಅಂತ ಮುಚ್ಚಳ ಬಿಡುತ್ತದೆ. ಬಿಟ್ಟ ಮುಚ್ಚಳ ನೆಲಕ್ಕೆ ಬೀಳದೆ ಹಲಗೆಗೇ ಅಂಟಿಕೊಳ್ಳುತ್ತದೆ. ಹಿಂದೆ ಹಳೆಯ ಸ್ಪೀಕರಿನ ಅಯಸ್ಕಾಂತ ಕೂರಿಸಿದ್ದಾರೆ. ಈ ತಗಡಿನ ಮುಚ್ಚಳ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದದ್ದು. ಆಗ ಸುತ್ತ 24 ಹಲ್ಲು, ಈಗ 21. ನೀವೇ ಎಣಿಸಿ ನೋಡಬಹುದು. ಸೋಡಾ ಬಾಟಲಿಯಾದರೂ ಸರಿ, ಬಿಯರ್ ಬಾಟಲಿಯಾದರೂ ಸರಿ. ಬಾಯಿಯ ಹಲ್ಲಿನಿಂದ ಮಾತ್ರ ಅದನ್ನು ತೆಗೆಯಬೇಡಿ.

ಶೇಕರ್ ಎಂದು ಕೊಂಡುತರುವ ಗೋಜಿಲ್ಲ. ಒಂದು ದೊಡ್ಡ ಸ್ಟೀಲ್ ಲೋಟದೊಳಗೆ ಅದಕ್ಕಿಂತ ಕೊಂಚ ಚಿಕ್ಕದನ್ನು ಬೋರಲು ಹಾಕಿ ಅದುಮಿದರೆ ಆಯಿತು. ಒಳಗಿನ ಐಸಿನಿಂದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಎರಡು ಲೋಟಗಳೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಬಿಡಿಸಲು ಪಕ್ಕಕ್ಕೆ ಒಂದು ಏಟು. ಪುದೀನ ಜಜ್ಜಲು ಕುಟ್ಟಾಣಿ. ಅಡಿಕೆಯ ಘಮ ಅದರಲ್ಲಿ ಎಷ್ಟು ತೊಳೆದರೂ ಉಳಿದಿರುತ್ತದೆ, ಅದು ನಿಂಬೆಸೋಡಾಕ್ಕೆ ಒಪ್ಪುತ್ತದೆ.

ಐಸಿನ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಫ್ರಿಜ್ಜಿನ ತಟ್ಟೆಯಲ್ಲಿ ಕಟ್ಟಿದ ಐಸು ನಡುವೆ ಬೆಳ್ಳಗೆ ಮಂಕಾಗಿರುತ್ತದೆ. ನಾಲ್ಕೂ ಕಡೆಯಿಂದ ಚಳಿ ಬಿದ್ದು, ನೀರಿನಲ್ಲಿ ಕರಗಿದ್ದ ಗಾಳಿಯೆಲ್ಲ ನಡುವಿಗೆ ದೂಡಿಸಿಕೊಂಡು ಅಲ್ಲಿ ಸಿಕ್ಕಿಬೀಳುವುದೇ ಅದಕ್ಕೆ ಕಾರಣ. ಸ್ಯಾನ್‌ಫ್ರಾನ್ಸಿಸ್ಕೋದ ಲೇಖಕ ಕ್ಯಾಂಪರ್ ಇಂಗ್ಲಿಷ್ 2009ರಲ್ಲಿ ಇದಕ್ಕೊಂದು ಸುಲಭದ ಉಪಾಯ ಕಂಡುಕೊಂಡರು. ಮುಚ್ಚಳವಿಲ್ಲದ ಥರ್ಮೋಕೋಲ್ ಡಬ್ಬಿಗೋ ಪಿಕ್‌ನಿಕ್ ಡಬ್ಬಿಗೋ ನೀರು ಹಾಕಿ ಫ್ರೀಜರಿನಲ್ಲಿಟ್ಟರೆ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ. ಕೆರೆಯ ನೀರು ಹೆಪ್ಪುಗಟ್ಟುವ ಹಾಗೆ ಐಸು ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಗಾಳಿ ಅದರ ಮುಂದೆ ಮುಂದೆ ಓಡುತ್ತದೆ. ತಳ ಗಟ್ಟಿಯಾಗುವ ಮೊದಲೇ ತೆಗೆದು ಬೋರಲು ಹಾಕಿದರೆ ಕನ್ನಡಿಯಂಥ ಒಂದು ಗಟ್ಟಿ. ಮೀನಿನಂಗಡಿಯವರ ಥರ್ಮೋಕೋಲ್ ಡಬ್ಬಿ ಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಇಂಜೆಕ್ಷನ್ ಬರುವ ಡಬ್ಬಿ ಬಿಸಾಡುತ್ತಾರೆ, ಕೇಳಿದರೆ ಕೊಡುತ್ತಾರೆ.

ಆ ಪಾರದರ್ಶಕ ಗಟ್ಟಿಯನ್ನು ಕೈಯಲ್ಲಿ ಹಿಡಿದಾಗೆಲ್ಲ ನನಗೆ ಐಸಿನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರನ ಹಡಗು ನೆನಪಾಗುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ 180 ಟನ್ ಐಸು ತುಂಬಿಕೊಂಡು ಹೊರಟ ಆ ಹಡಗು ನಾಲ್ಕು ತಿಂಗಳ ನಂತರ ಕಲ್ಕತ್ತೆ ಮುಟ್ಟಿದಾಗ ಸುಮಾರು ನೂರು ಟನ್ ಕರಗದೆ ಉಳಿದಿತ್ತು. ಮರದ ಹೊಟ್ಟಿನಲ್ಲಿ ಹೂತಿಟ್ಟು ತಂದ, ನ್ಯೂ ಇಂಗ್ಲೆಂಡಿನ ಕೆರೆಗಳ ಐಸು ಅದು. ಮದರಾಸಿನಲ್ಲೂ ಆ ಐಸು ಇಡಲು ಸಮುದ್ರದ ದಂಡೆಯಲ್ಲಿ ಕಟ್ಟಡವಾಯಿತು. ಇಂದು ವಿವೇಕಾನಂದರ ಹೆಸರಿನಲ್ಲಿರುವ ಆ ಮನೆಯನ್ನು ಊರವರು ಈಗಲೂ ಐಸ್ ಹೌಸ್ ಎನ್ನುತ್ತಾರೆ.

ಐಸು, ಶೇಕರ್ ಎಲ್ಲ ಮನೆಯಲ್ಲೇ ಆಯಿತು. ಆದರೆ ಮನೆಯಲ್ಲಿ ಮಾಡಬಾರದ್ದು ಒಂದಿದೆ, ಬಟ್ಟಿ ಇಳಿಸುವುದು. ಹಾಗೆ ಆಸೆಪಡುವವರನ್ನು ನಾನು ಕಂಡಿದ್ದೇನೆ, ಕುಕ್ಕರಿಗೆ ಪೈಪು ಜೋಡಿಸಿದರಾಯಿತು ಎನ್ನುವವರನ್ನು. ಅದು ಕಾನೂನಿಗೆ ವಿರೋಧ ಎನ್ನುವುದಷ್ಟೇ ಅಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಮದ್ಯದಲ್ಲಿ ಸೇರುವ ಮೆಥನಾಲ್ ಎಂಬ ವಿಷಕ್ಕೆ ಬೇರೆ ರುಚಿಯಿಲ್ಲ, ಬೇರೆ ಬಣ್ಣವಿಲ್ಲ. ಕಣ್ಣು ಹೋದ ಮೇಲೇ ಗೊತ್ತಾಗುವುದು. ನಮ್ಮ ಅತ್ತೆ, ಅಂದರೆ ಭಾವನ ತಾಯಿ, ಆ ವರ್ಷ ಬೆಂಗಳೂರಿನಲ್ಲಿದ್ದರು. ಅವರು ಆ ದಿನಗಳ ಮಾತು ಎತ್ತುವುದಿಲ್ಲ. ಬಾಟಲಿ ಕಂಡರೆ ಮುಖ ತಿರುಗಿಸುತ್ತಾರೆ, ಅಷ್ಟೆ.

ಅಂಥ ಅತ್ತೆ ಮೊದಲ ಸಲ ತಾರಸಿಗೆ ಹತ್ತಿಬಂದದ್ದು ಕಡಲೆಕಾಯಿಯ ದೆಸೆಯಿಂದ. ಅಕ್ಕನ ಮಗಳು ಕೆಳಗೆ ಓಡಿಹೋಗಿ, "ಅಜ್ಜಿ, ಮೇಲೆ ಕಡ್ಲೆಕಾಯಿ ಕುಣೀತಾ ಇದೆ" ಎಂದಳಂತೆ. ಎತ್ತರದ ಗ್ಲಾಸಿಗೆ ಬಿಯರ್ ಸುರಿದು, ಹುರಿದು ಸಿಪ್ಪೆ ಉಜ್ಜಿದ ಚಳ್ಳಕೆರೆ ಸೀಮೆಯ ಏಳೆಂಟು ಕಡಲೆಬೀಜ ಹಾಕಿದ್ದೆವು. ಬೀಜ ತಳಕ್ಕಿಳಿಯಿತು. ಅದರ ಮೈಮೇಲೆ ಮುತ್ತು ಪೋಣಿಸಿದಂತೆ ಗುಳ್ಳೆಗಳು ಕಟ್ಟಿದವು. ಗುಳ್ಳೆ ದಪ್ಪವಾದ ಹಾಗೆ ಬೀಜ ತೂಗಾಡಿ, ತೇಲಿ ಮೇಲೆ ಬಂತು. ಮೇಲೆ ಬಂದದ್ದೇ ಒಂದು ಮಗ್ಗುಲು ಹೊರಳಿತು, ಗುಳ್ಳೆ ಒಡೆದವು, ಮತ್ತೆ ಮುಳುಗಿತು. ಒಂದು ಇಳಿಯುವಾಗ ಇನ್ನೆರಡು ಏರುತ್ತಿದ್ದವು.

"ಏನೋ ಇದು, ಜೀವ ಇದ್ದಂಗೆ ಆಡ್ತದಲ್ಲ" ಎಂದರು ಅತ್ತೆ. ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇದ್ದರು, ಆದರೆ ಕುರ್ಚಿ ಎಳೆದುಕೊಂಡು ಕೂತರು.

ಬ್ರೆಜಿಲಿನ ಒಬ್ಬ ಸಂಶೋಧಕರು ಬ್ಯೂನಸ್ ಐರಿಸ್‌ನ ಬಾರಿನಲ್ಲಿ ಇದನ್ನೇ ಕಂಡು ಸುಮ್ಮನಿರದೆ, ಮ್ಯೂನಿಕ್ಕಿನ ಪ್ರಯೋಗಾಲಯದಲ್ಲಿ ಜೊತೆಯವರೊಂದಿಗೆ ಅಳೆದು ನೋಡಿ 2023ರಲ್ಲಿ ಪ್ರಬಂಧ ಬರೆದರು. ನುಣುಪು ಗಾಜಿಗಿಂತ ಹುರಿದ ಬೀಜದ ಒರಟು ಮೈಮೇಲೆ ಇಂಗಾಲದ ಡೈಆಕ್ಸೈಡಿನ ಗುಳ್ಳೆ ಕಟ್ಟುವುದು ಸುಲಭ ಎಂಬುದು ಅದರ ಸಾರ. ಭೂಮಿಯೊಳಗಿನ ಶಿಲಾಪಾಕದಲ್ಲಿ ಭಾರವಾದ ಕಬ್ಬಿಣದ ಅದಿರಿನ ಹರಳುಗಳು ತೇಲಿ ಮೇಲೆ ಬರುವುದಕ್ಕೂ ಇದೇ ಬಗೆಯ ವಿವರಣೆ ಇರಬಹುದು ಎಂದು ಅವರು ಹೇಳಿದ್ದಾರೆ. ಬಿಯರ್ ಬೇಡದವರು ಸೋಡಾದಲ್ಲಿ ಒಣದ್ರಾಕ್ಷಿ ಹಾಕಿ ನೋಡಬಹುದು. ಮಕ್ಕಳಿಗೆ ನಾವು ಹಾಗೇ ಮಾಡಿ ಕೊಡುತ್ತೇವೆ.

ಅತ್ತೆ ಕೂತದ್ದನ್ನು ಕಂಡು ಭಾವನಿಗೆ ಹುರುಪು ಬಂತು. ತಾರಸಿಯ ದೀಪ ಆರಿಸಿ, ಟಾನಿಕ್ ವಾಟರ್ ತುಂಬಿದ ಗ್ಲಾಸಿಗೆ ನೋಟಿನ ಟಾರ್ಚು ಹಿಡಿದರು. ನೀರಿನಂತಿದ್ದದ್ದು ನೀಲಿಯಾಗಿ ಬೆಳಗಿತು. ಅದರಲ್ಲಿರುವ ಕ್ವಿನೈನ್ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಚಿಟಿಕೆ ಉಪ್ಪು ಹಾಕಿ ಕಲಕಿದರೆ ಆ ಬೆಳಕು ಮಂಕಾಗುತ್ತದೆ. ಮಲೇರಿಯಾಕ್ಕೆಂದು ಕುಡಿಯುತ್ತಿದ್ದ, ಸಿಂಕೋನಾ ತೊಗಟೆಯ ಆ ಕಹಿಯೇ ಇದು. ಆ ಮರಗಳನ್ನು ಬ್ರಿಟಿಷರು 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲೇ ಬೆಳೆಸಿದರು. "ನಮ್ಮತ್ತೆ ಕೊಯಿನಾ ಅಂತ ಕೊಡೋರು, ಕಹಿ ಅಂದ್ರೆ ಕಹಿ" ಎಂದರು ಅತ್ತೆ, ಹೊಳೆಯುವ ಗ್ಲಾಸಿನಿಂದ ಕಣ್ಣು ತೆಗೆಯದೆ.

ಕೊನೆಯದು ಶಂಖಪುಷ್ಪದ ಆಟ. ಕಾಂಪೌಂಡಿನ ಬಳ್ಳಿಯಿಂದ ಏಳೆಂಟು ನೀಲಿ ಹೂ ಬಿಡಿಸಿ ಬಿಸಿನೀರಿಗೆ ಹಾಕಿದರೆ ಐದು ನಿಮಿಷದಲ್ಲಿ ಬರೆಯುವ ಶಾಯಿಯಂಥ ನೀಲಿ ಇಳಿಯುತ್ತದೆ. ಸೋಸಿ, ಐಸಿನ ತಟ್ಟೆಗೆ ಹಾಕಿ ಗಟ್ಟಿ ಮಾಡಿಡಬೇಕು. ಆ ನೀಲಿ ಐಸನ್ನು ನಿಂಬೆ ಹಿಂಡಿದ ಸೋಡಾಕ್ಕೋ, ಕುಡಿಯುವವರಾದರೆ ನಿಂಬೆ ಹಿಂಡಿದ ಜಿನ್ನಿಗೋ ಬಿಡಬೇಕು. ಐಸು ಕರಗಿದ ಕಡೆಯೆಲ್ಲ ನೇರಳೆ ಎಳೆಗಳು, ಆಮೇಲೆ ನಸುಗೆಂಪು. ಹುಳಿ ತಾಗಿದರೆ ಆ ಹೂವಿನ ಬಣ್ಣ ಬದಲಾಗುತ್ತದೆ. ದೇಶವಿದೇಶದ ಬಾರುಗಳಲ್ಲಿ ಇದನ್ನು ದುಬಾರಿ ಬೆಲೆಗೆ ಮಾರುತ್ತಾರೆ.

ಭಾವ ಇದನ್ನೆಲ್ಲ ವಿವರಿಸುತ್ತಿದ್ದರೆ ಅತ್ತೆ ಎದ್ದು ಕೆಳಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಹಿಂದಿರುಗಿದಾಗ ಕೈಯಲ್ಲಿ ಆರತಿ ತಟ್ಟೆ, ಅದರಲ್ಲಿ ಅರಿಶಿನ ಕದಡಿದ ನೀರು. ಎಲೆಯಡಿಕೆ ಡಬ್ಬಿಯಿಂದ ಉಗುರಿನಷ್ಟು ಸುಣ್ಣ ತೆಗೆದು ಕಲಸಿದರು. ಹಳದಿ ನೀರು ನಮ್ಮೆದುರೇ ರಕ್ತದಂತೆ ಕೆಂಪಾಯಿತು. ಮದುವೆ ಮುಂಜಿಯಲ್ಲಿ ನೂರು ಸಲ ನೋಡಿದ್ದೇ, ಆದರೆ ಹೀಗೆ ಕೂತು ನೋಡಿರಲಿಲ್ಲ. "ನಿಮ್ಮ ಹೂವಿಗೆ ಹುಳಿ, ನಮ್ಮ ಅರಿಶಿನಕ್ಕೆ ಸುಣ್ಣ. ಎಲ್ಲಾ ಒಂದೇ ಜಾತಿ ಆಟ ಕಣ್ರೋ" ಎಂದರು. ಆಮೇಲೆ ಭಾವನ ಮುಂದಿದ್ದ ನಿಂಬೆಹೋಳನ್ನು ಎತ್ತಿಕೊಂಡು ತಟ್ಟೆಗೆ ಹಿಂಡಿದರು. ಕೆಂಪು ಅಳಿಸಿ ಮತ್ತೆ ಹಳದಿ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅಕ್ಕ ಕೆಳಗಿನಿಂದ ಏನಾಯ್ತೆಂದು ಕೂಗಿ, ಉತ್ತರ ಬರದೆ, ತಾನೇ ಹತ್ತಿಬಂದಳು.

ಅವತ್ತು ಅತ್ತೆ ನೀಲಿ ಐಸು ಹಾಕಿದ ನಿಂಬೆಸೋಡಾ ಇಟ್ಟುಕೊಂಡು, ಬಣ್ಣ ಪೂರ್ತಿ ಇಳಿಯುವವರೆಗೂ ಕುಡಿಯದೆ ಕಾದರು. ಇಳಿದ ಮೇಲೆ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, ಮಗನ ಕಡೆ ತಿರುಗಿ ಹೇಳಿದರು: "ಇನ್ನು ಮೇಲೆ ಬಳ್ಳಿ ಬೋಳು ಮಾಡ್ಬೇಡ. ಸೋಮವಾರದ ಪೂಜೆಗೆ ನನಗೆ ಒಂದು ಬೊಗಸೆ ಬಿಟ್ಟು, ಮಿಕ್ಕಿದ್ದು ಕಿತ್ಕೋ."