ಗಾಡಿ ಕೊಳ್ಳುವ ವಿದ್ಯೆ

ನಮ್ಮ ತೊಣ್ಣೂರು ಪಾಂಡವಪುರ ತಾಲ್ಲೂಕಿನ ಒಂದು ಪ್ರಾಚೀನವಾದ ಊರು. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂಬುದನ್ನು ಊರಿನ ಮಕ್ಕಳೆಲ್ಲರೂ ಬಲ್ಲರು. ನಂಬಿನಾರಾಯಣನ ಗುಡಿಯನ್ನೂ ಬೆಟ್ಟಗಳ ನಡುವೆ ತಿಳಿನೀರು ತುಂಬಿಕೊಂಡು ನಿಂತಿರುವ ಕೆರೆಯನ್ನೂ ನೋಡಲು ದೂರದೂರದಿಂದ ಜನ ಬರುತ್ತಾರೆ. ಅವರು ಬರುವುದು ಟಾರು ರಸ್ತೆಯಲ್ಲಿ. ಹಿಂದಿರುಗುವುದೂ ಅದೇ ರಸ್ತೆಯಲ್ಲಿ. ಆ ರಸ್ತೆ ಮುಗಿದ ಮೇಲೂ ಮನುಷ್ಯರು ಬಾಳುತ್ತಿದ್ದಾರೆಂಬುದು ಅವರ ಗಮನಕ್ಕೆ ಬರುವ ಸಂಭವ ಕಡಿಮೆ. ನಮ್ಮ ಮನೆ ಇರುವುದು ಬೆಟ್ಟದ ತಪ್ಪಲಿನ ಹೊಲದಲ್ಲಿ. ಅಲ್ಲಿಗೆ ಹೋಗಬೇಕಾದರೆ ಟಾರು ರಸ್ತೆಯನ್ನು ಬಿಟ್ಟು ಮೂರು ಕಿಲೋಮೀಟರು ಓಣಿಯಲ್ಲಿ ಸಾಗಬೇಕು. ನಡುವೆ ಒಂದು ಹಳ್ಳವನ್ನು ದಾಟಬೇಕು. ಬೇಸಗೆಯಲ್ಲಿ ಅದು ಧೂಳಿನ ದಾರಿ, ಮಳೆಗಾಲದಲ್ಲಿ ಕೆಸರಿನ ದಾರಿ.

ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದ ಒಂದು ರಾತ್ರಿ ನಮ್ಮ ಅವ್ವನಿಗೆ ಉಬ್ಬಸ ಏರಿತು. ಹೊರಗೆ ಮಳೆ ಸುರಿಯುತ್ತಿತ್ತು. ನಮ್ಮಲ್ಲಿ ಆಗ ಒಂದು ಸಣ್ಣ ಕಾರು ಇತ್ತು. ಅವ್ವನನ್ನು ಅದರಲ್ಲಿ ಕುಳ್ಳಿರಿಸಿಕೊಂಡು ಹೊರಟೆ. ಹಳ್ಳದ ದಡದಲ್ಲಿ ಚಕ್ರಗಳು ಕೆಸರಿನಲ್ಲಿ ಸುತ್ತತೊಡಗಿದವು. ಸುತ್ತಿದಷ್ಟೂ ಆಳಕ್ಕೆ ಇಳಿದವು. ಕೊನೆಗೆ ನೆರೆಹೊಲದವರನ್ನು ಕೂಗಿ ಕರೆದು, ಅವ್ವನನ್ನು ಹಗ್ಗದ ಮಂಚದ ಮೇಲೆ ಮಲಗಿಸಿ, ಮೇಲೆ ಗೋಣಿಯ ಕೊಪ್ಪೆ ಹೊದಿಸಿ, ನಾಲ್ವರು ಹೊತ್ತುಕೊಂಡು ನಡೆದೆವು. ಟಾರು ರಸ್ತೆ ಸೇರಲು ಒಂದೂವರೆ ಗಂಟೆ ಹಿಡಿಯಿತು. ಅಲ್ಲಿ ಇನ್ನೊಂದು ವಾಹನ ಸಿಕ್ಕಿತು, ಅವ್ವ ಬದುಕಿದಳು. ಆದರೆ ಆಸ್ಪತ್ರೆಯಲ್ಲಿ ವೈದ್ಯರು, “ಇನ್ನು ಸ್ವಲ್ಪ ಬೇಗ ಕರೆದುಕೊಂಡು ಬರಬಾರದಾಗಿತ್ತೆ?” ಎಂದು ಕೇಳಿದ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಕೆಸರಿನಲ್ಲಿ ನಡೆಯಬಲ್ಲ ಒಂದು ಗಾಡಿಯನ್ನು ಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಒದಗುವ ಹೊಸ ಗಾಡಿಯ ಬೆಲೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಕಬ್ಬಿನ ಹಣವನ್ನೆಲ್ಲ ಕೂಡಿಸಿದರೂ ನನ್ನ ಕೈಯಲ್ಲಿದ್ದುದು ಮೂರು ಲಕ್ಷ. ಆದುದರಿಂದ ಹಳೆಯ ಗಾಡಿಯನ್ನೇ ಹುಡುಕಬೇಕಾಯಿತು. ನನಗೆ ಆ ವಿಷಯದಲ್ಲಿ ಏನೂ ತಿಳಿಯದೆಂದು ಅಪ್ಪನ ಮುಂದೆ ಹೇಳಿಕೊಂಡೆ. ಅಪ್ಪ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಐವತ್ತು ವರ್ಷ ಹಳ್ಳಿಕಾರ್ ಎತ್ತುಗಳನ್ನು ಕೊಂಡು ಮಾರಿದವರು. ಅವರು ನಕ್ಕು, “ಎತ್ತು ಕೊಳ್ಳೋದೂ ಗಾಡಿ ಕೊಳ್ಳೋದೂ ಬೇರೆ ಏನಪ್ಪ? ಕೆಲಸ ಯಾವುದು ಅಂತ ಮೊದಲು ಹೇಳು, ಆಮೇಲೆ ಎತ್ತು ನೋಡೋಣ” ಎಂದರು. ಗಾಡಿ ಕೊಳ್ಳುವ ವಿದ್ಯೆಯಲ್ಲಿ ಅದೇ ನನ್ನ ಮೊದಲನೆಯ ಪಾಠ. ನನ್ನ ಕೆಲಸ ಮೂರು ಕಿಲೋಮೀಟರಿನ ಓಣಿ, ಒಂದು ಹಳ್ಳ, ಮಳೆಗಾಲದ ರಾತ್ರಿ, ಒಬ್ಬಳು ರೋಗಿ. ಹಿಮಾಲಯವನ್ನು ಹತ್ತುವ ಆಸೆ ನನಗಿರಲಿಲ್ಲ.

ಇಂತಹ ಗಾಡಿಗಳು ಹುಟ್ಟಿದ ಕಥೆ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ದಾರಿಯಿಲ್ಲದಲ್ಲಿಯೂ ಓಡಬಲ್ಲ ಹಗುರವಾದ ವಾಹನವೊಂದನ್ನು ಮಾಡಿಕೊಡಿರೆಂದು ಅಮೆರಿಕದ ಸೈನ್ಯವು ಕಾರ್ಖಾನೆಗಳನ್ನು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಮೊದಲ ಮಾದರಿಯನ್ನು ಒಪ್ಪಿಸಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಗಿಲಾಗಿ ಜೀಪುಗಳನ್ನು ತಯಾರಿಸಿದವು. ಯುದ್ಧ ನಿಂತೊಡನೆ, 1945ರಲ್ಲಿ, ವಿಲ್ಲಿಸ್ ಕಂಪನಿಯು ಅದೇ ಗಾಡಿಯನ್ನು ರೈತರ ಬಳಕೆಗಾಗಿ ಮಾರಲಾರಂಭಿಸಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯು ಆ ದಶಕದ ಕೊನೆಗೆ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ 1985ರಲ್ಲಿ ಮಾರುತಿ ಕಂಪನಿಯ ಜಿಪ್ಸಿ ಬಂದಿತು. ರಣರಂಗಕ್ಕಾಗಿ ಹುಟ್ಟಿದ ಗಾಡಿ ಹೀಗೆ ಕಾಫಿಯ ತೋಟಕ್ಕೂ ಕಬ್ಬಿನ ಗದ್ದೆಗೂ ಇಳಿಯಿತು.

ಇದರ ಗುಟ್ಟನ್ನು ನನಗೆ ತಿಳಿಸಿಕೊಟ್ಟವರು ಮೈಸೂರಿನ ಒಬ್ಬ ವೃದ್ಧ ಮೇಸ್ತ್ರಿ. ಸಾಮಾನ್ಯವಾದ ಕಾರಿನಲ್ಲಿ ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಆ ಎರಡು ಜಾರಿದರೆ ಕಾರು ನಿಂತಂತೆಯೇ. ಇಂತಹ ಗಾಡಿಯಲ್ಲಿ ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡನೆಯ ಲಿವರ್ ಇರುತ್ತದೆ. ಅದನ್ನು ಎಳೆದರೆ ಉಳಿದ ಎರಡು ಚಕ್ರಗಳೂ ದುಡಿಯತೊಡಗುತ್ತವೆ; ಏರಿನಲ್ಲಿ ಇನ್ನೊಂದು ಜೊತೆ ಎತ್ತು ಕಟ್ಟಿದಂತೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ‘ಲೋ’ ಗೇರು. ಆಗ ಚಕ್ರಗಳ ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಆದರೆ ಒಣಗಿದ ಟಾರು ರಸ್ತೆಯಲ್ಲಿ ಆ ಲಿವರನ್ನು ಮುಟ್ಟಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಚಕ್ರ ಕೊಂಚ ಜಾರಿ ಆ ವ್ಯತ್ಯಾಸವನ್ನು ಸರಿಮಾಡಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಹಲ್ಲುಚಕ್ರಗಳ ಮೇಲೆ ಬಿಗಿ ಬೀಳುತ್ತದೆ. ಜೀಪಿನ ಆಕಾರವಿರುವುದೆಲ್ಲವೂ ನಾಲ್ಕು ಚಕ್ರದ ಗಾಡಿಯಲ್ಲವೆಂಬುದನ್ನೂ ಮೇಸ್ತ್ರಿಗಳು ಎಚ್ಚರಿಸಿದರು. ಮುಂದಿನ ಅಚ್ಚಿನಲ್ಲಿ ಹಲ್ಲುಚಕ್ರಗಳ ಗುಂಡನೆಯ ಪೆಟ್ಟಿಗೆ ಇದೆಯೇ ಎಂದು ಬಗ್ಗಿ ನೋಡಬೇಕಂತೆ. “ಬಣ್ಣ ನೋಡ್ಬೇಡಿ ಸ್ವಾಮಿ, ಕೆಳಗೆ ಮಲಗಿ ನೋಡಿ” ಎಂಬುದು ಅವರ ಉಪದೇಶ.

ಅಪ್ಪನನ್ನೂ ಮೇಸ್ತ್ರಿಗಳನ್ನೂ ಕರೆದುಕೊಂಡು ಗಾಡಿಗಳನ್ನು ನೋಡಲು ಹೊರಟೆ. ಮೊದಲು ಕಂಡುದು ಕೆಂಪು ಬಣ್ಣದ ಒಂದು ಜೀಪು. ಅದರ ದಪ್ಪನೆಯ ಟೈರುಗಳೂ ಥಳಥಳಿಸುವ ದೀಪಗಳೂ ನನ್ನನ್ನು ಮರುಳುಮಾಡಿದವು. ಮೇಸ್ತ್ರಿಗಳು ನೆಲದ ಮೇಲೆ ಗೋಣಿ ಹಾಸಿ, ಅಂಗಾತ ಮಲಗಿ, ಒಂದು ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋದರು. ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವಂತೆಯೇ ಅದೂ ಒಂದು ಪರೀಕ್ಷೆ. ಮುಂದೆ ಖಣಖಣ ಎಂದ ಕಬ್ಬಿಣ ಹಿಂದೆ ಬರುತ್ತಾ ಬೊದ್ದು ಸದ್ದು ಮಾಡಿತು. ಸ್ಪ್ರಿಂಗಿನ ಪಟ್ಟಿಗಳು ಸೇರುವಲ್ಲಿ ಹೊಸ ಬಣ್ಣದ ಕೆಳಗೆ ತುಕ್ಕು ತುಂಬಿತ್ತು. “ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು; ಬೆನ್ನುಮೂಳೆ ಕೊಳೆತರೆ ಏನು ಮಾಡೋದು?” ಎಂದು ಅವರು ಎದ್ದರು.

ಎರಡನೆಯದು ಡೀಸೆಲ್ ಜೀಪು. ಭಾರ ಎಳೆಯುವುದರಲ್ಲಿ ಡೀಸೆಲ್ ಗಾಡಿಗೆ ಸಮನಿಲ್ಲ. ಅದರ ರಿಪೇರಿ ಬಲ್ಲವರು ಹಳ್ಳಿಹಳ್ಳಿಯಲ್ಲಿಯೂ ಇದ್ದಾರೆ. ಚಾಸಿಯೂ ಗಟ್ಟಿಯಾಗಿತ್ತು. ಬೆಲೆಯೂ ಕಡಿಮೆ. ಆದರೆ ಆರ್‌ಸಿ ಪುಸ್ತಕದಲ್ಲಿದ್ದ ಎಂಜಿನ್ ನಂಬರೇ ಬೇರೆ, ಎಂಜಿನ್ನಿನ ಮೇಲೆ ಕೊರೆದಿದ್ದ ನಂಬರೇ ಬೇರೆ. “ಅದೇನು ಮಹಾ, ಆಮೇಲೆ ಬರೆಸಿಕೊಂಡರಾಯಿತು” ಎಂದು ಮಾರುವವನು ಹೇಳಿದ. ಅಗ್ಗದ ಆಸೆಯಿಂದ ನಾನು ಅರ್ಧ ಒಪ್ಪಿದ್ದೆ. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಸುಳಿ ಸರಿಯಿಲ್ಲದ ಎತ್ತು ಕಣಪ್ಪ, ಹಟ್ಟಿಗೆ ತರಬೇಡ” ಎಂದರು. ಎತ್ತಿನ ಸುಳಿಯ ವಿಷಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಗಾಡಿಯ ಸುಳಿ ಅದರ ಕಾಗದಪತ್ರವೆಂಬುದನ್ನು ಒಪ್ಪಲೇಬೇಕಾಯಿತು. ಯಾರದೋ ಕಳವಿನ ಎಂಜಿನ್ನು ಅದರಲ್ಲಿ ಕುಳಿತಿದ್ದರೆ ಪೊಲೀಸರಿಗೆ ಉತ್ತರ ಹೇಳಬೇಕಾದವನು ನಾನಲ್ಲವೇ?

ಮೂರನೆಯ ಗಾಡಿ ದೊರೆತುದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ. 1300 ಸಿಸಿಯ ಹಳೆಯ ಜಿಪ್ಸಿ. ಬಣ್ಣ ಮಾಸಿತ್ತು, ಮೇಲಿನ ಕ್ಯಾನ್ವಾಸಿಗೆ ಎರಡು ಕಡೆ ತೇಪೆ ಹಾಕಿತ್ತು. ತೋಟದ ಯಜಮಾನರು ಗಾಡಿಯನ್ನು ಹೊಗಳುವುದಕ್ಕೆ ಬದಲಾಗಿ ಅದರ ದೋಷಗಳನ್ನೇ ಒಂದೊಂದಾಗಿ ಹೇಳಿದರು. ಟೈರು ಸವೆದಿದೆ, ಬ್ರೇಕು ಮಾಡಿಸಬೇಕು, ಹಿಂದೆ ಕುಳಿತವರಿಗೆ ಸೊಂಟ ನೋಯುತ್ತದೆ, ಪೆಟ್ರೋಲು ಕುಡಿಯುತ್ತದೆ. ಮೇಸ್ತ್ರಿಗಳು ಮಲಗಿ ತಟ್ಟಿದರು. ಚಾಸಿ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರದಲ್ಲಿ ನುಡಿಯಿತು. ಜಾಕು ಹಚ್ಚಿ ಚಕ್ರಗಳನ್ನು ಅಲ್ಲಾಡಿಸಿ ನೋಡಿದರು. ತೋಟದ ಮೆತ್ತನೆಯ ಮಣ್ಣಿನಲ್ಲಿ ಗಿಡ್ಡ ಲಿವರನ್ನು ಹಾಕಿ ಏರು ಹತ್ತಿಸಿದರು. ಹಲ್ಲುಚಕ್ರಗಳ ಕೂಗು ಕೇಳಲಿಲ್ಲ. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕಷ್ಟೆ. ಆ ಕಾಗದಗಳೆಲ್ಲವೂ ಕ್ರಮವಾಗಿದ್ದವು. ಗಾಡಿಯ ತೂಕ ಸುಮಾರು ಒಂದು ಟನ್ನು ಮಾತ್ರ. ಹಗುರವಾದುದು ಕೆಸರಿನಲ್ಲಿ ಕಡಿಮೆ ಹೂಳುತ್ತದೆ. ನನ್ನ ಕೆಲಸವೂ ಭಾರ ಎಳೆಯುವುದಲ್ಲ, ಒಬ್ಬ ರೋಗಿಯನ್ನು ದಾಟಿಸುವುದು. ಅಪ್ಪನ ಮೊದಲನೆಯ ಪ್ರಶ್ನೆಗೆ ಉತ್ತರ ಅಲ್ಲಿ ನಿಂತಿತ್ತು.

ಅಪ್ಪ ಜಾತ್ರೆಯ ಅಭ್ಯಾಸದಂತೆ ಹೆಗಲಿನ ಟವೆಲನ್ನು ಕೈಯ ಮೇಲೆ ಹರಡಿ ಬೆರಳುಗಳ ವ್ಯಾಪಾರಕ್ಕೆ ಸಿದ್ಧರಾದರು. ಯಜಮಾನರು ನಗುತ್ತ ಟವೆಲಿನ ಅಡಿಗೆ ಕೈ ನೀಡಿದರು. ಎರಡು ಲಕ್ಷದ ಮೂವತ್ತು ಸಾವಿರಕ್ಕೆ ಮಾತಾಯಿತು. ಉಳಿದ ಎಪ್ಪತ್ತು ಸಾವಿರವನ್ನು ಮುಟ್ಟಬಾರದೆಂದು ಮೇಸ್ತ್ರಿಗಳು ಮೊದಲೇ ವಿಧಿಸಿದ್ದರು. ಹಳೆಯ ಗಾಡಿಯ ಬೆಲೆ ಎರಡು ಕಂತಿನದು. ಒಂದು ಕಂತು ಮಾರಿದವನಿಗೆ, ಇನ್ನೊಂದು ಕಂತು ಗಾಡಿಗೆ. ಟೈರು, ಬ್ರೇಕು, ಎಣ್ಣೆಗಳು, ಸೀಲುಗಳು ಎಂದು ಐವತ್ತೈದು ಸಾವಿರ ಆ ತಿಂಗಳಲ್ಲಿಯೇ ಕರಗಿತು. ನೋಂದಣಿಯೂ ವಿಮೆಯೂ ನನ್ನ ಹೆಸರಿಗೆ ಆದ ಮೇಲೆಯೇ ಗಾಡಿಯನ್ನು ಓಣಿಗೆ ಇಳಿಸಿದೆ.

ಇಳಿಸಿದೊಡನೆ ನನಗೆ ಮದವೇರಿತೆಂಬುದನ್ನು ಮರೆಮಾಚಲಾರೆ. ನೀರು ಇಳಿದ ಕೆರೆಯಂಚಿನಲ್ಲಿ ಒಂದು ಸಂಜೆ, ನಾಲ್ಕು ಚಕ್ರಗಳಿರುವಾಗ ಭಯವೇನೆಂದು ಗೋಡುಮಣ್ಣಿನ ಮೇಲೆ ಗಾಡಿಯನ್ನು ನುಗ್ಗಿಸಿದೆ. ಎರಡು ಚಕ್ರದ ಕಾರು ದಡದಲ್ಲಿಯೇ ಸಿಕ್ಕಿಬೀಳುತ್ತಿತ್ತು. ನನ್ನದು ನೂರು ಅಡಿ ಒಳಗೆ ಹೋಗಿ ಸಿಕ್ಕಿಬಿತ್ತು. ವ್ಯತ್ಯಾಸ ಅಷ್ಟೇ. ನೆರೆಯವರ ಎರಡು ಜೊತೆ ಎತ್ತುಗಳು ಬಂದು ಅದನ್ನು ಎಳೆದು ತಂದವು. ಅಪ್ಪ ಬೈಯಲಿಲ್ಲ, ಎತ್ತುಗಳ ಮೈ ಸವರುತ್ತ, “ಇವಕ್ಕೆ ಹೋಗಬಾರದ ಜಾಗ ಗೊತ್ತಪ್ಪ” ಎಂದಷ್ಟೇ ನುಡಿದರು. ಅಂದಿನಿಂದ ನಾನು ಇಳಿಯುವ ಮೊದಲು ಕೋಲು ಹಿಡಿದು ನಡೆದು ನೋಡುತ್ತೇನೆ. ಹಳ್ಳದಲ್ಲಿ ನೀರಿನ ಸೆಳವು ಕಂಡರೆ ನಿಲ್ಲುತ್ತೇನೆ. ಗಾಡಿಗೆ ಶಕ್ತಿಯಿದೆ ಎಂಬ ಮಾತ್ರಕ್ಕೆ ಬೇರೆಯವರ ಬೆಳೆಯನ್ನಾಗಲಿ, ಮೇಲುಕೋಟೆಯ ವನ್ಯಧಾಮದ ಕುರುಚಲು ಕಾಡನ್ನಾಗಲಿ ತುಳಿಯುವ ಅಧಿಕಾರ ನನಗೆ ಬಂದಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವ್ವನಿಗೆ ಮತ್ತೆ ಉಬ್ಬಸ ಬಂದಿತು. ಅದೂ ರಾತ್ರಿಯೇ. ಅವ್ವನನ್ನು ಮುಂದೆ ಕುಳ್ಳಿರಿಸಿ, ಹಳ್ಳದ ದಡದಲ್ಲಿ ಗಾಡಿಯನ್ನು ನಿಲ್ಲಿಸಿ, ಇಳಿದು ಕೋಲಿನಿಂದ ನೀರನ್ನು ಅಳೆದೆ. ಮೊಣಕಾಲಿನವರೆಗೂ ಇರಲಿಲ್ಲ, ಸೆಳವೂ ಇರಲಿಲ್ಲ. ಗಿಡ್ಡ ಲಿವರನ್ನು ‘ಲೋ’ಗೆ ಹಾಕಿ, ಅವಸರಪಡದೆ, ನಡುವೆ ಗೇರು ಬದಲಿಸದೆ ದಾಟಿದೆ. ಟಾರು ರಸ್ತೆ ಸೇರಿದಾಗ ಗಡಿಯಾರ ನೋಡಿಕೊಂಡೆ. ಮನೆ ಬಿಟ್ಟು ಹದಿನೈದು ನಿಮಿಷವಾಗಿತ್ತು. ಈ ಸಲ ವೈದ್ಯರು ಏನನ್ನೂ ಕೇಳಲಿಲ್ಲ.

ಅವ್ವನಿಗೆ ಈ ಗಾಡಿಯ ಹೆಸರು ಇಂದಿಗೂ ಬಾಯಿಗೆ ಬರುವುದಿಲ್ಲ. ಅದು ಅಂಗಳದಲ್ಲಿ ನಿಂತಿರುವುದನ್ನು ನೋಡಿದಾಗಲೆಲ್ಲ ಅದನ್ನು ಆಕೆ ‘ಕಬ್ಬಿಣದ ಮಂಚ’ ಎಂದೇ ಕರೆಯುತ್ತಾಳೆ. ಅದಕ್ಕಿಂತ ಸರಿಯಾದ ಹೆಸರು ನನಗೂ ತೋಚಿಲ್ಲ.