ಡಬ್ಬಿಯ ಮೇಲಿನ 525

ಮೂರು ವರ್ಷದ ಈದಿ ಹಣ ಕೂಡಿಸಿ ಒಂದು ಟೆಲಿಸ್ಕೋಪ್ ಕೊಂಡೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '525 ಪಟ್ಟು' ಎಂದಿತ್ತು. ಅದಕ್ಕೇ ಮರುಳಾಗಿದ್ದೆ. "ಡಬ್ಬಿ ನೋಡಿ ಮಾಲು ತಗೋಬೇಡ" ಎಂದು ಅಂಗಡಿ ನಡೆಸುವ ಅಬ್ಬಾ ಹೇಳಿದ್ದರು; ನಾನು ಕೇಳಲಿಲ್ಲ.

ಮೊದಲ ರಾತ್ರಿ ತಾರಸಿಯಲ್ಲಿ ಎಲ್ಲ ಮಸೂರ ಜೋಡಿಸಿ ಚಂದ್ರನನ್ನು ನೋಡಿದೆ. ಬರೀ ಮಂಜು. ಕೈ ತಾಗಿದರೆ ಸ್ಟ್ಯಾಂಡ್ ನಡುಗಿ ಚಂದ್ರನೇ ಮಾಯ. ಅಬ್ಬಾ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ನಾನು ಕಾಮರ್ಸ್ ವಿದ್ಯಾರ್ಥಿ. ಸಂಕೋಚದಿಂದಲೇ ಭೌತಶಾಸ್ತ್ರದ ಸರ್ ಬಳಿ ಹೋದೆ. ಅವರು ಲೆಕ್ಕ ಬಿಡಿಸಿದರು. ಮುಂದಿನ ಮಸೂರದ ಅಗಲ 70 ಮಿಲಿಮೀಟರ್. ಅದರ ಎರಡರಷ್ಟು, ಅಂದರೆ ಸುಮಾರು 140 ಪಟ್ಟು ದಾಟಿದರೆ ಚಿತ್ರ ಹಿಗ್ಗುತ್ತದೆ, ಸ್ಪಷ್ಟವಾಗುವುದಿಲ್ಲ. ಸಂಗಮದೂರ 700 ಮಿಲಿಮೀಟರ್. 25 ಮಿಲಿಮೀಟರಿನ ಐಪೀಸ್ ಹಾಕಿದರೆ 28 ಪಟ್ಟು. "ಅಷ್ಟು ಸಾಕು" ಎಂದರು.

ಅಂದು ರಾತ್ರಿ 28ಕ್ಕೆ ಇಟ್ಟೆ. ಗುರುಗ್ರಹ, ಅದರ ಅಕ್ಕಪಕ್ಕ ಸಾಲಾಗಿ ನಾಲ್ಕು ಚುಕ್ಕಿ! 1610ರಲ್ಲಿ ಗೆಲಿಲಿಯೋ ಕಂಡ ಅದೇ ಚಂದ್ರರು. ಅಮ್ಮಿ "ಸುಭಾನಲ್ಲಾಹ್" ಎಂದರು. ಅಬ್ಬಾ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ "ಮಾಲು ಚೆನ್ನಾಗಿದೆ, ಡಬ್ಬಿಯೇ ಸುಳ್ಳು" ಎಂದರು.

ಕೊಳ್ಳುವ ಗೆಳೆಯರೇ, ಮಸೂರದ ಅಗಲ ನೋಡಿ, ಸ್ಟ್ಯಾಂಡ್ ಅಲುಗಾಡಿಸಿ ನೋಡಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ.